ಮುನ್ನೂರ ಎಂಬತ್ತಾರಕ್ಕೆ ವಿಶ್ರಾಂತಿ: ಯಂತ್ರ ಸೋತದ್ದಲ್ಲ, ನೋಡಿಕೊಳ್ಳುವ ಕೈ ಸಾಲದೆ ಹೋದದ್ದು

ದುಡಿದ ಎತ್ತಿಗೆ ವಯಸ್ಸಾದರೆ ಏನು ಮಾಡಬೇಕೆಂಬುದು ಒಕ್ಕಲುತನದ ಮನೆಗಳಲ್ಲಿ ಹಳೆಯ ಪ್ರಶ್ನೆ. ಕಟ್ಟಿ ಮೇಯಿಸೋದಾ, ಸಂತೆಗೆ ಹೊಡೆಯೋದಾ ಎಂದು ಮನೆಮಂದಿಯೆಲ್ಲ ಕೂತು ಮಾತಾಡುತ್ತೇವೆ. ಕಂಪ್ಯೂಟರಿನ ಲೋಕದಲ್ಲೂ ಇಂಥದೇ ಒಂದು ಪಂಚಾಯಿತಿ ನಡೆದು, 2025ರ ಆಗಸ್ಟ್ 9ರಂದು ತೀರ್ಮಾನ ಜಾರಿಗೆ ಬಂತು. ಅಂದು ಬಿಡುಗಡೆಯಾದ ಡೆಬಿಯನ್ 13 ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ 'ಐ386' ಎಂಬ ಹಳೇ ಪ್ರೊಸೆಸರ್ ಕುಲಕ್ಕೆ ಮೊದಲಿನ ಜಾಗ ಇಲ್ಲ. ಆ ಕುಲದ ಯಂತ್ರಕ್ಕೆ ಇದನ್ನು ಅಳವಡಿಸುವ ಡಿಸ್ಕು ಇಲ್ಲ, ಯಂತ್ರವನ್ನು ಎಬ್ಬಿಸುವ ಕರ್ನಲ್ಲೂ ಇಲ್ಲ.

ಕಡ್ಲೆಕಾಯಿ ಬೆಳೆಯೋನಿಗೆ, ಬಿಡುವಾದಾಗ ಎರಡು ಭಾಷೆಯಲ್ಲಿ ಪದ್ಯ ಗೀಚೋನಿಗೆ ಇದರಲ್ಲೇನು ಕೆಲಸ ಎಂದು ಕೇಳಬಹುದು. ಕೆಲಸ ಐತೆ. ನಮ್ಮ ಮಡಕಶಿರಾ ಸೀಮೆಯಲ್ಲಿ ನನಗೆ ಪರಿಚಯದ ಮಂಡಿಯೊಂದರಲ್ಲಿ ಹಳೇ ಕಂಪ್ಯೂಟರ್ ಇದೆ. ಕಾಸು ಕೊಟ್ಟು ಕೊಳ್ಳಬೇಕಾದ ಸಿಸ್ಟಮ್ ಬೇಡವೆಂದು ನನ್ನ ತಮ್ಮನ ಮಗ ಅದಕ್ಕೆ ಡೆಬಿಯನ್ ಹಾಕಿಕೊಟ್ಟಿದ್ದ. ಇದು ಪುಕ್ಕಟೆ ಸಿಗುತ್ತದೆ. ಅಳವಡಿಸುವಾಗಿನ ಪರದೆ ಕನ್ನಡದಲ್ಲೂ ಬರುತ್ತದೆ, ತೆಲುಗಿನಲ್ಲೂ ಬರುತ್ತದೆ. ತೂಕದ ಚೀಟಿ, ಬಾಕಿ ಪಟ್ಟಿ, ಬೆಂಗಳೂರಿನ ಲಾರಿ ಲೆಕ್ಕ ಎಲ್ಲಾ ಅದರಲ್ಲೇ. ಹೋದ ಸುಗ್ಗಿಯಲ್ಲಿ ಹುಡುಗ, "ಇನ್ನು ಇದಕ್ಕೆ ಹೊಸದು ಬರಲ್ಲ ಶೆಟ್ರೇ" ಎಂದಾಗ ಶೆಟ್ರು ಸಿಡುಕಿದರು: "ಓಡ್ತಾ ಐತಲ್ಲಪ್ಪಾ! ಓಡೋ ಬಂಡಿಯ ಕೀಲು ಯಾಕೆ ಕೀಳ್ತಾರೆ?"

ಪ್ರಶ್ನೆ ಸರಿಯಾಗೇ ಇದೆ. ಉತ್ತರ ಹುಡುಕಿಕೊಂಡು ಹೋದೆ. ಸಿಕ್ಕಿದ್ದನ್ನು ನಮ್ಮಂಥವರ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ.

ಕುಲ ಎಂದರೇನು?

ಪ್ರೊಸೆಸರ್ ಎಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಚಿಪ್. ಅದಕ್ಕೆ ತಿಳಿಯುವ ಆಜ್ಞೆಗಳು ಇಂತಿಷ್ಟೇ ಎಂದು ಗೊತ್ತು ಮಾಡಿರುತ್ತಾರೆ. ಆ ಆಜ್ಞೆಗಳ ಕಟ್ಟಿಗೆ ಆರ್ಕಿಟೆಕ್ಚರ್ ಎನ್ನುತ್ತಾರೆ. ನಾನು ಕುಲ ಎನ್ನುತ್ತೇನೆ. ತೆಲುಗಿನಲ್ಲಿ ಪಳಗಿದ ಎತ್ತಿಗೆ ಕನ್ನಡದಲ್ಲಿ ಹೇಳಿದರೆ ಅದು ನಿಂತಲ್ಲೇ ನಿಲ್ಲುತ್ತದೆ. ಹಾಗೆಯೇ ಒಂದು ಕುಲಕ್ಕೆ ಬರೆದ ಆಜ್ಞೆ ಇನ್ನೊಂದು ಕುಲಕ್ಕೆ ತಿಳಿಯದು. ಚಿಪ್ಪಿಗೂ ನಾವು ಬಳಸುವ ಕೆಲಸಗಳಿಗೂ ನಡುವೆ ನಿಂತು ಹೇಳಿಸಿ ಕೇಳಿಸಿ ಮಾಡಿಸುವುದು ಆಪರೇಟಿಂಗ್ ಸಿಸ್ಟಮ್. ಅದರ ತಿರುಳೇ ಕರ್ನಲ್. ಕಡ್ಲೆಕಾಯಿ ಸುಲಿದರೆ ಸಿಗುವ ಬೀಜಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತು. ಮಂಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಂಟೆಲ್ ಕಂಪನಿ 386 ಎಂಬ ಚಿಪ್ಪನ್ನು ಹೊರತಂದದ್ದು 1985ರ ಅಕ್ಟೋಬರಿನಲ್ಲಿ. ಒಂದೇ ಸಲಕ್ಕೆ 32 ಬಿಟ್ಟಿನ ಸಂಖ್ಯೆಯನ್ನು ಹಿಡಿದು ಲೆಕ್ಕ ಮಾಡುವುದು ಅದರ ಹೆಚ್ಚುಗಾರಿಕೆ. ಅದರ ವಂಶದಲ್ಲೇ 486, ಪೆಂಟಿಯಂ ಮುಂತಾದವು ಬಂದವು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಒಂದು 386 ಯಂತ್ರ ಇಟ್ಟುಕೊಂಡು ಲಿನಕ್ಸ್ ಕರ್ನಲ್ ಬರೆಯಲು ಕುಳಿತರು. ಬೇರೆ ಕುಲದ ಯಂತ್ರಗಳಲ್ಲಿ ಇದು ನಡೆಯದು, 386ಕ್ಕೇ ಕಟ್ಟುಬಿದ್ದದ್ದು ಎಂದು ಆಗ ಅವರೇ ಹೇಳಿಕೊಂಡಿದ್ದರು. ಎರಡು ವರ್ಷದ ಮೇಲೆ, 1993ರ ಆಗಸ್ಟ್‌ನಲ್ಲಿ, ಇಯಾನ್ ಮರ್ಡಾಕ್ ಎಂಬುವರು ಆ ಕರ್ನಲ್ಲಿನ ಸುತ್ತ ಡೆಬಿಯನ್ ಕಟ್ಟಲು ಶುರು ಮಾಡಿದರು. ಡೆಬಿಯನ್ ಯಾವ ಕಂಪನಿಯದೂ ಅಲ್ಲ. ನಾನಾ ದೇಶದ ಸ್ವಯಂಸೇವಕರು ಕೂಡಿ ನಡೆಸುವ ಕೂಡೊಕ್ಕಲು ಅದು.

ಹೆತ್ತ ಮಡಿಲನ್ನೇ ಬಿಟ್ಟದ್ದು

ಲಿನಕ್ಸ್ ಹುಟ್ಟಿದ ಮಡಿಲು 386. ಆ ಮಡಿಲನ್ನೇ ಲಿನಕ್ಸ್ 2012ರ ಡಿಸೆಂಬರಿನಲ್ಲಿ ಬಿಟ್ಟಿತು. ಇಂಗೊ ಮೊಲ್ನಾರ್ ಎಂಬ ಹಿರಿಯ ಕರ್ನಲ್ ಕೆಲಸಗಾರರು 386 ಚಿಪ್ಪಿಗೆಂದೇ ಇದ್ದ ಭಾಗಗಳನ್ನು ಕಿತ್ತು ಟೊರ್ವಾಲ್ಡ್ಸ್ ಮುಂದಿಟ್ಟರು. ನಿಮ್ಮ ಆ ಮೊದಲಿನ ಯಂತ್ರ ಇನ್ನು ಹೊಸ ಲಿನಕ್ಸಿನಲ್ಲಿ ಏಳುವುದಿಲ್ಲ ಎಂದು ಹಾಸ್ಯಕ್ಕೆ ಮೂಗೊರೆಸಿಕೊಂಡು ಬರೆದರಂತೆ. ಟೊರ್ವಾಲ್ಡ್ಸ್ ಮಾತ್ರ, ನನಗೆ ಅಂಥ ಮೋಹವಿಲ್ಲ, ಹೋದರೆ ಒಳ್ಳೇದೇ ಎಂದು ಒಪ್ಪಿಬಿಟ್ಟರು. ಅಷ್ಟರಲ್ಲಿ ಇಂಟೆಲ್ ಕಂಪನಿಯೇ 386 ತಯಾರಿಕೆ ನಿಲ್ಲಿಸಿ ಐದು ವರ್ಷ ಕಳೆದಿತ್ತು. 486ರ ಭಾಗವನ್ನೂ ತೆಗೆಯುವ ತಿದ್ದುಪಡಿಗಳನ್ನು ಅದೇ ಮೊಲ್ನಾರ್ 2025ರ ಏಪ್ರಿಲ್‌ನಲ್ಲಿ ಮುಂದಿಟ್ಟರು.

ಡೆಬಿಯನ್ ಮಾತ್ರ ಹಳೇ ಹೆಸರನ್ನೇ ಇಟ್ಟುಕೊಂಡು ಬಂತು. 32 ಬಿಟ್ಟಿನ ಇಡೀ ವಂಶಕ್ಕೆ ಅಲ್ಲಿ ಐ386 ಎಂದೇ ಹೆಸರು. ಒಳಗಿನ ಸರಕು ಮಾತ್ರ ಬದಲಾಗುತ್ತಲೇ ಇತ್ತು: 2017ರ ಡೆಬಿಯನ್ 9ರ ಹೊತ್ತಿಗೆ 686 ವರ್ಗದ ಚಿಪ್ಪಾದರೂ ಬೇಕಿತ್ತು. ಊರಿಗೆ ಮುತ್ತಾತನ ಹೆಸರಿದ್ದು ಅಲ್ಲಿ ಮರಿಮಕ್ಕಳು ವಾಸವಿದ್ದ ಹಾಗೆ.

ಮೂವತ್ತೆರಡು ಏಕೆ ಸಾಲದಾಯಿತು?

32 ಬಿಟ್ಟಿನಲ್ಲಿ ಎಣಿಸಬಹುದಾದದ್ದು 429,49,67,296 ಮನೆಗಳನ್ನು. ಕಂಪ್ಯೂಟರಿನ ನೆನಪಿನ ಪ್ರತಿ ಬೈಟಿಗೂ ಒಂದು ಮನೆ ನಂಬರ್ ಬೇಕು. ಅಂದರೆ ಒಂದು ತಂತ್ರಾಂಶಕ್ಕೆ 4 ಜಿಬಿ ದಾಟಿ ನೋಡಲಾಗದು. 1985ರಲ್ಲಿ ಇದು ಸಮುದ್ರ. ಇವತ್ತು ಒಂದು ಬ್ರೌಸರಿಗೇ ಹಿಡಿಸದು. ಕರ್ನಲ್ಲಿನ ಪಾಡು ಇನ್ನೂ ಇಕ್ಕಟ್ಟು. ಸಾಮಾನ್ಯ ಏರ್ಪಾಡಿನಲ್ಲಿ ಅದು ನೇರವಾಗಿ ಮುಟ್ಟಬಲ್ಲ ನೆನಪು ಸುಮಾರು 896 ಎಂಬಿ ಮಾತ್ರ. ಮೇಲಿನದನ್ನು ಬೇಕಾದಾಗ ಎಳೆದು, ಬೇಡವಾದಾಗ ಬಿಡುವ ಯುಕ್ತಿ ಮಾಡಬೇಕು. ಅಟ್ಟದ ಮೇಲಿನ ಮೂಟೆಗೆ ಪ್ರತಿಸಲವೂ ಏಣಿ ಹಾಕಿದಂತೆ.

2003ರ ಏಪ್ರಿಲ್‌ನಲ್ಲಿ ಎಎಂಡಿ ಕಂಪನಿ ಆಪ್ಟೆರಾನ್ ಎಂಬ 64 ಬಿಟ್ ಚಿಪ್ಪನ್ನು ತಂದಿತು. ಅದರ ಜಾಣತನ ನೋಡಿ: ಹೊಸ ಆಜ್ಞೆಗಳನ್ನು ಕಲಿಯಿತು, ಹಳೇ 32 ಬಿಟ್ಟಿನ ಆಜ್ಞೆಗಳನ್ನೂ ಮರೆಯಲಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮ ಗಡಿ ಜನದ ಹಾಗೆ. ಆಮೇಲೆ ಇಂಟೆಲ್ ಕೂಡ ಅದೇ ಹಾದಿ ಹಿಡಿಯಿತು. ಈ ಕುಲಕ್ಕೆ ಡೆಬಿಯನ್‌ನಲ್ಲಿ ಎಎಂಡಿ64 ಎಂದು ಹೆಸರು. 2007ರಿಂದ ಅಧಿಕೃತ ಪಟ್ಟಿಯಲ್ಲಿದೆ. ಇಂಟೆಲ್ ಚಿಪ್ಪಿದ್ದರೂ ಇದೇ ಹೆಸರು.

ಹೊಸದು ಬಂದರೆ ಹಳೆಯದು ಇರಲಿ ಬಿಡಿ, ಅದಕ್ಕೇನು ಮೇವು ಹಾಕಬೇಕೇ ಎಂದು ನಾನೂ ಕೇಳಿದೆ. ಹಾಕಬೇಕು. ಡೆಬಿಯನ್ 13ರಲ್ಲಿ ಸುಮಾರು 70 ಸಾವಿರ ಪ್ಯಾಕೇಜುಗಳಿವೆ. ಒಪ್ಪಿಕೊಂಡ ಪ್ರತಿಯೊಂದು ಕುಲಕ್ಕೂ ಅವನ್ನು ಬೇರೆಬೇರೆಯಾಗಿ ಕಟ್ಟಬೇಕು, ಒರೆಗೆ ಹಚ್ಚಬೇಕು, ತೂತು ಕಂಡಲ್ಲಿ ಮುಚ್ಚಬೇಕು. ಬ್ರೌಸರಿನಂಥ ಭಾರಿ ತಂತ್ರಾಂಶವನ್ನು ಕಟ್ಟುವಾಗಲೇ 4 ಜಿಬಿ ಸಾಲದೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹಳೇ ಚಿಪ್ಪಿನ ದಶಮಾಂಶ ಲೆಕ್ಕ ಬೇರೆ ಕುಲಗಳಿಗಿಂತ ಕೂದಲೆಳೆಯಷ್ಟು ಬೇರೆ ಬಂದು, ಪರೀಕ್ಷೆಗಳು ತಪ್ಪು ತೋರಿಸುತ್ತವೆ. ಕುತ್ತಿಗೆಗೆ ನೊಗ ಇಲ್ಲದಿದ್ದರೂ ಕೊಟ್ಟಿಗೆ ಗುಡಿಸುವುದು ತಪ್ಪದು.

ಆ ಗುಡಿಸುವ ಕೈ ಕಡಿಮೆಯಾದರೆ ಏನಾಗುತ್ತದೆಂಬುದಕ್ಕೆ 2018 ಸಾಕ್ಷಿ. ಆ ವರ್ಷದ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ದೋಷ ಬಯಲಾಯಿತು. ಪ್ರೊಸೆಸರಿನ ಒಳಗೇ ಇದ್ದ ಬಿರುಕು ಅದು. ಒಂದು ತಂತ್ರಾಂಶ ತನಗೆ ಸೇರದ ಗುಟ್ಟನ್ನು ಕದ್ದು ಓದಬಹುದಿತ್ತು. 64 ಬಿಟ್ ಲಿನಕ್ಸಿಗೆ ಆ ತಿಂಗಳಲ್ಲೇ ತೇಪೆ ಬಿತ್ತು. 32 ಬಿಟ್ ಇಂಟೆಲ್ ಕುಲಕ್ಕೆ ಆ ತೇಪೆ ಮುಖ್ಯ ಲಿನಕ್ಸಿನೊಳಗೆ ಬಂದದ್ದು ಅಕ್ಟೋಬರಿನ 4.19ನೇ ಆವೃತ್ತಿಯಲ್ಲಿ. ಯಾರೂ ಬೇಕೆಂದು ತಡ ಮಾಡಿದ್ದಲ್ಲ. ಆ ಕಡೆ ನೋಡುವವರೇ ವಿರಳವಾಗಿದ್ದರು. ಯಂತ್ರ ಓಡುತ್ತಲೇ ಇತ್ತು, ಬಾಗಿಲೂ ತೆರೆದೇ ಇತ್ತು. ಶೆಟ್ರ ಪ್ರಶ್ನೆಗೆ ಉತ್ತರ ಇದೇ. ಓಡುವುದು ಬೇರೆ, ಕಾವಲಿರುವುದು ಬೇರೆ.

ವಯಸ್ಸಿನ ಲೆಕ್ಕವಲ್ಲ

ಇಷ್ಟು ಓದಿದವರು ಹಳೆಯದಾದ್ದರಿಂದ ಹೋಯಿತು ಎಂದುಕೊಳ್ಳಬಹುದು. ನಾನೂ ಹಾಗೇ ತಿಳಿದು ಹುಡುಕುತ್ತಿರುವಾಗ ಎರಡು ಸಂಗತಿ ಎದುರಾದವು.

ಮೊದಲನೆಯದು ಇಟಾನಿಯಂ. ಇಂಟೆಲ್ ಮತ್ತು ಎಚ್‌ಪಿ ಎಂಬ ಎರಡು ಶ್ರೀಮಂತ ಕಂಪನಿಗಳು ಕೈಗೂಡಿಸಿ 2001ರಲ್ಲಿ ಮಾರುಕಟ್ಟೆಗೆ ತಂದ 64 ಬಿಟ್ ಕುಲ. ದೊಡ್ಡ ಸರ್ವರುಗಳಿಗೆಂದೇ ಮಾಡಿದ್ದು. ಅದು ಹಳೇ ಮಾತುಗಳನ್ನು ಬಿಟ್ಟು ಹೊಸದನ್ನೇ ಆಡಿತು; ಕೊಳ್ಳುವವರು ಕಡಿಮೆಯಾದರು. 2021ರಲ್ಲಿ ಕೊನೆಯ ಸರಕು ಹೋಯಿತು. 2024ರ ಜನವರಿಯಲ್ಲಿ ಬಂದ ಲಿನಕ್ಸ್ 6.7ರಲ್ಲಿ ಅದರ ಬೆಂಬಲವೇ ಇರಲಿಲ್ಲ. ಹುಟ್ಟಿ ಇಪ್ಪತ್ಮೂರು ವರ್ಷ ತುಂಬಿರಲಿಲ್ಲ.

ಎರಡನೆಯದು ಮೊಟೊರೊಲಾ ಕಂಪನಿಯ 68000 ಚಿಪ್ಪಿನ ವಂಶ. ಮೂಲ ಚಿಪ್ಪು 1979ರದು, 386ಕ್ಕಿಂತ ಹಿರಿಯ. ಡೆಬಿಯನ್ ಇಂಟೆಲ್ ಬಿಟ್ಟು ಮೊದಲು ಒಗ್ಗಿಸಿಕೊಂಡ ಕುಲ ಇದೇ, 1998ರಲ್ಲಿ. 2007ರಲ್ಲಿ ಅಧಿಕೃತ ಪಟ್ಟಿಯಿಂದ ಹೊರಬಿತ್ತು. ಆದರೂ ಸಾಯಲಿಲ್ಲ. ಅಮಿಗಾ, ಅಟಾರಿ, ಹಳೇ ಮ್ಯಾಕಿಂಟಾಶ್ ಎಂಬ ಯಂತ್ರಗಳನ್ನು ಪ್ರೀತಿಸುವ ಕೆಲವರು ಡೆಬಿಯನ್ನಿನ ಪಕ್ಕದ ಅಂಗಳದಲ್ಲಿ ಅದನ್ನು ಸಾಕಿಕೊಂಡು ಬಂದರು. ಲಿನಕ್ಸ್ ಕರ್ನಲ್ಲಿನೊಳಗೂ ಅದಕ್ಕೊಬ್ಬ ಪಾಲಕರಿದ್ದಾರೆ: ಬೆಲ್ಜಿಯಮ್ಮಿನ ಗೀರ್ಟ್ ಯೂಟರ್‌ಹೂವೆನ್. ಇಟಾನಿಯಂ ಹೊರಬಿದ್ದ ದಿನ ಈ ಮುದುಕ ಒಳಗೇ ಕೂತಿತ್ತು.

ದುಡ್ಡು ಸುರಿದದ್ದು ಹೋಯಿತು, ಕೈ ಹಿಡಿದದ್ದು ಉಳಿಯಿತು. ಯಂತ್ರದ ಆಯುಸ್ಸನ್ನು ತೀರ್ಮಾನಿಸುವುದು ಅದರ ಹುಟ್ಟಿದ ವರ್ಷವಲ್ಲ. ಬೆಳಗಾದರೆ ಎದ್ದು ನೋಡುವವರು ಉಂಟೋ ಇಲ್ಲವೋ ಎಂಬುದು. ಐ386ಕ್ಕೆ ಬಳಕೆದಾರರು ಇದ್ದರು, ನಮ್ಮ ಶೆಟ್ರಂಥವರು. ಕರ್ನಲ್ ಕಟ್ಟಿ, ಅಳವಡಿಸುವ ಡಿಸ್ಕು ಮಾಡಿ, ತೂತು ಮುಚ್ಚಿ ಕೊಡುತ್ತೇವೆ ಎನ್ನುವ ಕೆಲಸಗಾರರು ಸಾಲಲಿಲ್ಲ. ಅದೇ ಡೆಬಿಯನ್ 13ರಲ್ಲಿ ರಿಸ್ಕ್-ಫೈವ್ ಎಂಬ ಹೊಸ ಕುಲ ಮೊದಲ ಬಾರಿಗೆ ಅಧಿಕೃತ ಪಟ್ಟಿಗೆ ಸೇರಿತು. ಇರುವ ಕೈಗಳು ಹೊಸ ಹೊಲಕ್ಕೆ ತಿರುಗಿದವು.

ಕಾಗೆಗೇನು ಗೊತ್ತು?

ಇಲ್ಲಿ ಒಂದು ಮಾತು ಹೇಳಲೇಬೇಕು. 'ಕಾಗೆಗೇನು ಗೊತ್ತು ಎತ್ತಿನ ಹುಣ್ಣಿನ ನೋವು' ಎಂದು ನಾವು ಅನ್ನುತ್ತೇವೆ. 'ಎದ್ದು ಪುಂಡು ಕಾಕಿಕಿ ನೊಪ್ಪಾ' ಎಂದು ತೆಲುಗಿನವರು. ತೀರ್ಮಾನ ಮಾಡುವವರ ಮೇಜಿನ ಮೇಲೆ ಹೊಸ ಯಂತ್ರ ಇರುತ್ತದೆ. ಹಳೆಯದು ಉಳಿದಿರುವುದು ಕೊಳ್ಳಲಾಗದವರ ಹತ್ತಿರ. ಮುದಿ ಪ್ರೊಸೆಸರಿಗೆ ವಿಶ್ರಾಂತಿ ಕೊಡುವ ಮಾತು ಕೇಳಲು ಹಿತ. ಅದರ ಬಿಲ್ಲು ಬರುವುದು ಸಣ್ಣ ಅಂಗಡಿಗೆ, ದಾನದ ಕಂಪ್ಯೂಟರು ಇಟ್ಟುಕೊಂಡ ಹಳ್ಳಿ ಶಾಲೆಗೆ. ಇದನ್ನು ಮರೆತು ಪ್ರಗತಿ ಎಂದು ಚಪ್ಪಾಳೆ ತಟ್ಟಲು ನನಗೆ ಮನಸ್ಸಿಲ್ಲ.

ಆದರೆ ಬಿಡುವುದರಲ್ಲೂ ರೀತಿ ನೀತಿ ಇದೆ. ಆಪಲ್ ಕಂಪನಿ ಪವರ್‌ಪಿಸಿ ಕುಲ ಬಿಟ್ಟು ಇಂಟೆಲ್‌ಗೆ ಹೋಗುತ್ತೇವೆಂದು ಸಾರಿದ್ದು 2005ರಲ್ಲಿ. 2009ರ ಹೊಸ ಸಿಸ್ಟಮ್ ಹಳೇ ಯಂತ್ರಗಳಲ್ಲಿ ಕೂರಲೇ ಇಲ್ಲ. ಮೈಕ್ರೋಸಾಫ್ಟ್ 2021ರಲ್ಲಿ ತಂದ ವಿಂಡೋಸ್ 11ಕ್ಕೆ 32 ಬಿಟ್ ರೂಪವೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲೆಲ್ಲ ಯಜಮಾನರ ಮಾತೇ ಮಾತು. ಡೆಬಿಯನ್‌ನವರು ಐ386 ಬಿಡುವ ಸೂಚನೆಯನ್ನು 2023ರ ಡಿಸೆಂಬರಿನಲ್ಲೇ ಎಲ್ಲರ ಮುಂದೆ ಇಟ್ಟರು. ಒಂದೂವರೆ ವರ್ಷದ ಮೇಲೆ ಜಾರಿಗೆ ತಂದರು. ಹಿಂದಿನ ಡೆಬಿಯನ್ 12ಕ್ಕೆ ದೀರ್ಘಾವಧಿಯ ಪಾಲನೆಯ ಗಡುವನ್ನು 2028ರ ಜೂನ್ ಕೊನೆಗೆ ಇಟ್ಟಿದ್ದಾರೆ. ಬರೆದ ಆಕರವೆಲ್ಲ ಬಯಲಲ್ಲೇ ಇರುವುದರಿಂದ, ಶಕ್ತಿ ಇದ್ದವರು ಎತ್ತಿಕೊಂಡು ಸಾಕಬಹುದು. 68000 ಉಳಿದದ್ದು ಹಾಗೆಯೇ. ಬಿಡುವವರು ಮೊದಲೇ ಹೇಳಬೇಕು, ಕಾಲಾವಕಾಶ ಕೊಡಬೇಕು, ದಾರಿ ತೋರಿಸಬೇಕು. ಈ ಮೂರೂ ಇಲ್ಲಿ ನಡೆದಿವೆ ಎಂಬುದು ನನ್ನ ತೀರ್ಪು.

ಇನ್ನೊಂದು ಔದಾರ್ಯವೂ ಇದೆ. 32 ಬಿಟ್ಟಿಗೆ ಬರೆದ ಹಳೇ ತಂತ್ರಾಂಶಗಳು 64 ಬಿಟ್ ಯಂತ್ರದ ಮೇಲೆ ಓಡಲೆಂದು ಐ386 ಪ್ಯಾಕೇಜುಗಳನ್ನು ಡೆಬಿಯನ್ 13ರಲ್ಲೂ ಇಟ್ಟಿದ್ದಾರೆ. ಹಳೇ ಎತ್ತು ಹೋದರೂ ಅದರ ನೊಗ ಹೊಸ ಎತ್ತಿನ ಹೆಗಲಿಗೆ ಹೊಂದುತ್ತದೆ.

ಅಂಗಡಿಯವರು, ರೈತರು ಮಾಡಬೇಕಾದ್ದು

ಮೊದಲು ನಿಮ್ಮ ಯಂತ್ರ ಯಾವ ಕುಲದ್ದು ನೋಡಿ. ನನ್ನ ತಮ್ಮನ ಮಗ ಹೇಳಿದ ಮಾತು ಮುಖ್ಯವಾದದ್ದು: "ದೊಡ್ಡಪ್ಪಾ, ಎಷ್ಟೋ ಕಡೆ ಚಿಪ್ಪು 64ರದ್ದೇ ಇರ್ತದೆ, ಹಾಕಿರೋ ಸಿಸ್ಟಮ್ ಮಾತ್ರ 32ರದ್ದು." ಲಿನಕ್ಸ್‌ನಲ್ಲಿ 'ಎಲ್ ಎಸ್ ಸಿ ಪಿ ಯು' ಎಂಬ ಐದಕ್ಷರದ ಆಜ್ಞೆ ಕೊಟ್ಟರೆ ಚಿಪ್ಪಿನ ಜಾತಕ ಬರುತ್ತದೆ. ಅದರಲ್ಲಿ 32 ಬಿಟ್, 64 ಬಿಟ್ ಎರಡೂ ಎಂದಿದ್ದರೆ ಬಚಾವು. ಇಂಟೆಲ್ ಕೋರ್ 2 ಡ್ಯುಯೋದಿಂದ ಈಚಿನ ಕೋರ್ ಚಿಪ್ಪುಗಳು 64ರವೇ. ಅದಕ್ಕೂ ಮುಂಚಿನ ಕೋರ್ ಡ್ಯುಯೋ, ಪೆಂಟಿಯಂ 3, 2008ರ ಸುಮಾರಿಗೆ ಬಂದ ಪುಟ್ಟ ಲ್ಯಾಪ್‌ಟಾಪುಗಳ ಆಟಂ ಎನ್270, ಇವು ಬರೀ 32. ಶೆಟ್ರ ಯಂತ್ರ ತೆರೆದು ನೋಡಿದರೆ ಕೋರ್ 2 ಡ್ಯುಯೋ ಇತ್ತು. ಹುಡುಗ ಲೆಕ್ಕವೆಲ್ಲ ಬೇರೆ ಡಿಸ್ಕಿಗೆ ಇಳಿಸಿ, 64 ಬಿಟ್ಟಿನ ಡೆಬಿಯನ್ ಹೊಸದಾಗಿ ಹಾಕಿದ. ಯಂತ್ರ ಅದೇ, ಖರ್ಚು ಅರ್ಧ ದಿನದ ಕೂಲಿ.

32ರ ಸಿಸ್ಟಮ್ ಮೇಲೆಯೇ 13ನ್ನು ಏರಿಸಲು ಹೋಗಬೇಡಿ. ಹಾಗೆ ಮಾಡಬಾರದೆಂದು ಡೆಬಿಯನ್‌ನವರೇ ಬರೆದಿದ್ದಾರೆ. ಚಿಪ್ಪೇ 32ರದ್ದಾದರೆ ಇಂಟರ್‌ನೆಟ್ ತಂತಿ ಕಿತ್ತು, ಬರೆಯಲು, ಅಂಕಿ ಕೂಡಲು ಇಟ್ಟುಕೊಳ್ಳಬಹುದು. ಬ್ಯಾಂಕಿನ ವ್ಯವಹಾರ ಅದರಲ್ಲಿ ಬೇಡ. ಫೈರ್‌ಫಾಕ್ಸ್ ಬ್ರೌಸರು ಕೂಡ 2025ರ ನವೆಂಬರಿನ 145ನೇ ಆವೃತ್ತಿಯಿಂದ 32 ಬಿಟ್ ಲಿನಕ್ಸಿಗೆ ಬರುವುದು ನಿಂತಿತು. ಗುಜರಿಗೆ ಹಾಕುವುದೇ ಆದರೆ ಇ-ತ್ಯಾಜ್ಯಕ್ಕೆ ನೋಂದಾಯಿತರಾದವರಿಗೇ ಕೊಡಿ; ಹೊಲದ ಬದುವಿನಲ್ಲಿ ಸುಡಬೇಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಿವಿಮಾತು. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪು ಮಾಡಿದ್ದನ್ನು ಆ ಫಾಂಟಿಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ನನ್ನ ಇಪ್ಪತ್ತು ವರ್ಷದ ಪದ್ಯಗಳು ಹಾಗೇ ಇದ್ದವು. ಹಳೇ ಯಂತ್ರ ಉಸಿರಾಡುತ್ತಿರುವಾಗಲೇ ಯೂನಿಕೋಡಿಗೆ ಬದಲಿಸಿ ಎರಡು ಕಡೆ ಇಟ್ಟುಕೊಂಡೆ. ನೀವೂ ಹಾಗೇ ಮಾಡಿ.

ಕೊನೆಗೆ ಒಂದು ತಾರೀಖು ಬರೆದಿಟ್ಟುಕೊಳ್ಳಿ: 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಈ ಸಿಸ್ಟಮ್‌ಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಕಾಲ ಹೇಳುತ್ತವೆ. 32 ಬಿಟ್ಟಿನ ಲೆಕ್ಕದಲ್ಲಿ ಅಂದು ಆ ಎಣಿಕೆ 214,74,83,647ಕ್ಕೆ ಮುಟ್ಟಿ ತುಂಬಿಹೋಗುತ್ತದೆ. ಮರು ಸೆಕೆಂಡಿಗೆ ಅಂಥ ಗಡಿಯಾರ 1901ರ ಡಿಸೆಂಬರಿಗೆ ಹಿಂದೆ ಬೀಳುತ್ತದೆ. ಡೆಬಿಯನ್ 13ರಲ್ಲಿ ಉಳಿದ ಕುಲಗಳಿಗೆಲ್ಲ ಕಾಲದ ಎಣಿಕೆ 64 ಬಿಟ್ಟಿಗೆ ಬಂದಿದೆ. ಐ386ಕ್ಕೆ ಮಾತ್ರ ಬೇಕೆಂದೇ ಬದಲಿಸಲಿಲ್ಲ, ಬದಲಿಸಿದರೆ ಹಳೇ ತಂತ್ರಾಂಶಗಳು ಓಡವು ಎಂದು. ಬಡ್ಡಿ, ಬಾಕಿ, ವಾಯಿದೆ ಎಂದು ತಾರೀಖಿನ ಮೇಲೆ ಬದುಕುವವರು ನಾವು. ಹತ್ತು ವರ್ಷದ ಸಾಲಪತ್ರ ಬರೆಯುವಾಗಲೇ ಈ ದಿನ ಲೆಕ್ಕದೊಳಗೆ ಬರುವ ಕಾಲ ದೂರವಿಲ್ಲ. ನಿಮ್ಮ ಲೆಕ್ಕದ ಪುಸ್ತಕ ಯಾವ ಕುಲದ ಯಂತ್ರದಲ್ಲಿದೆ ಎಂದು ಈ ವಾರವೇ ನೋಡಿಕೊಳ್ಳಿ.